ಲಕ್ಷ ಜನರ ಎದುರಿನ ಬೆಂಕಿ ಏಕೆ ಕಾಣಲಿಲ್ಲ? ಶಿವ್ಯೆತ್ಸ್, ಪಲಾಖ್ ಮತ್ತು ಸೆನ್ಸಾರ್

ಹಳೆಪುಟ:

ಎಲ್ಲರಿಗೂ ನಮಸ್ಕಾರ. ಕಳೆದ ಕೆಲವು ತಿಂಗಳಿಂದ 1968ರ ಚೆಕೊಸ್ಲೊವಾಕಿಯಾದ ಬಗ್ಗೆ, ಅಂದರೆ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ತಂದ ಸುಧಾರಣೆಗಳನ್ನು ಹತ್ತಿಕ್ಕಲು ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳು ಆ ಆಗಸ್ಟ್‌ನಲ್ಲಿ ನಡೆಸಿದ ದಾಳಿಯ ಬಗ್ಗೆ, ಓದುತ್ತಿದ್ದೇನೆ. ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

1969ರ ಜನವರಿ 16ರಂದು ಪ್ರಾಗ್ ನಗರದ ವೆನ್ಸೆಸ್ಲಾಸ್ ಚೌಕದ ಮೇಲ್ತುದಿಯಲ್ಲಿ, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಬಳಿ, ಚಾರ್ಲ್ಸ್ ವಿಶ್ವವಿದ್ಯಾಲಯದ ಇಪ್ಪತ್ತು ವರ್ಷದ ವಿದ್ಯಾರ್ಥಿ ಯಾನ್ ಪಲಾಖ್ ಮೈಗೆ ಬೆಂಕಿ ಹಚ್ಚಿಕೊಂಡ. ಮೂರು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಜನವರಿ 25ರ ಶವಯಾತ್ರೆಗೆ ಇಡೀ ಪ್ರಾಗ್ ಬೀದಿಗೆ ಬಂದಿತು ಎನ್ನಬಹುದು. ಹೊರಗಿನ ಜಗತ್ತು ಈ ಸುದ್ದಿಯನ್ನು ಆಯಾ ದಿನವೇ ಓದಿತು. ಆತ ಬಿಟ್ಟುಹೋದ ಪತ್ರದ ಕೆಳಗೆ ಹೆಸರಿನ ಬದಲು 'ಪಂಜು ಸಂಖ್ಯೆ 1' ಎಂದಿತ್ತು. ಬೇಡಿಕೆಗಳು ಎರಡೇ: ಸೆನ್ಸಾರ್ ಕೂಡಲೇ ರದ್ದಾಗಬೇಕು, ಮತ್ತು ಆಕ್ರಮಣಕಾರಿ ಸೇನೆಗಳ ಪರವಾಗಿ ಹಂಚಲಾಗುತ್ತಿದ್ದ 'ಜ್ಪ್ರಾವಿ' ಎಂಬ ಪತ್ರಿಕೆ ನಿಲ್ಲಬೇಕು.

ಆದರೆ ಇದಕ್ಕೆ ಸುಮಾರು ನಾಲ್ಕು ತಿಂಗಳ ಮೊದಲೇ, 1968ರ ಸೆಪ್ಟೆಂಬರ್ 8ರಂದು, ಪೋಲೆಂಡಿನ ವಾರ್ಸಾದಲ್ಲಿ ಇದೇ ಕಾರಣಕ್ಕೆ ಇನ್ನೊಬ್ಬರು ಹೀಗೆಯೇ ಪ್ರತಿಭಟಿಸಿದ್ದರು. ಅವರು ರಿಶಾರ್ಡ್ ಶಿವ್ಯೆತ್ಸ್; ವಯಸ್ಸು 59, ಪ್ಷೆಮಿಶ್ಲ್ ಎಂಬ ಊರಿನ ಲೆಕ್ಕಿಗ, ಐದು ಮಕ್ಕಳ ತಂದೆ. ತತ್ತ್ವಶಾಸ್ತ್ರ ಓದಿದವರು, ಯುದ್ಧಕಾಲದಲ್ಲಿ ಭೂಗತ ಸೇನೆಯಲ್ಲಿದ್ದವರು. ಆ ದಿನ ವಾರ್ಸಾದ ದೊಡ್ಡ ಕ್ರೀಡಾಂಗಣದಲ್ಲಿ ಸರ್ಕಾರಿ ಸುಗ್ಗಿ ಹಬ್ಬ. ಆಳುವ ಕಮ್ಯುನಿಸ್ಟ್ ಪಕ್ಷದ ನಾಯಕ ಗೊಮುಲ್ಕಾ ವೇದಿಕೆಯ ಮೇಲಿದ್ದರು, ವಿದೇಶಿ ರಾಯಭಾರಿಗಳಿದ್ದರು, ಸುಮಾರು 1,00,000 ಪ್ರೇಕ್ಷಕರಿದ್ದರು. ಚೆಕೊಸ್ಲೊವಾಕಿಯಾದ ಮೇಲೆ ನಡೆದ ದಾಳಿಯಲ್ಲಿ ಪೋಲೆಂಡಿನ ಸೈನಿಕರೂ ಪಾಲ್ಗೊಂಡದ್ದನ್ನು ಖಂಡಿಸಿ ಅವರು ಕೂಗುತ್ತಿದ್ದಾಗ ಮೈದಾನದಲ್ಲಿ ಜನಪದ ನೃತ್ಯ ನಡೆದೇ ಇತ್ತು. ನಾಲ್ಕು ದಿನಗಳ ಮೇಲೆ ಅವರು ತೀರಿಕೊಂಡರು. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಪಶ್ಚಿಮದ ರೇಡಿಯೋ ಕೇಂದ್ರ ಅವರ ವಿಷಯ ಹೇಳಿದ್ದು ಪಲಾಖ್ ಸತ್ತ ಮೇಲೆ, 1969ರ ವಸಂತದಲ್ಲಿ.

ಒಂದು ಲಕ್ಷ ಜನ ಇದ್ದ ಕಡೆ ನಡೆದದ್ದು ಅಳಿದುಹೋಯಿತು, ದಾರಿಹೋಕರಷ್ಟೇ ಇದ್ದ ಚೌಕದಲ್ಲಿ ನಡೆದದ್ದು ಉಳಿಯಿತು. ಏಕೆ? ನನ್ನ ಊಹೆ ಹೀಗಿದೆ. ಪ್ರಾಗ್‌ನಲ್ಲಿ ಆ ಜನವರಿಯಲ್ಲಿ ಸೋವಿಯತ್ ಟ್ಯಾಂಕುಗಳಿದ್ದರೂ ಸುಧಾರಣೆಗಳನ್ನು ತಂದ ದುಬ್ಚೆಕ್ ಇನ್ನೂ ಪಕ್ಷದ ಮುಖ್ಯಸ್ಥರಾಗಿದ್ದರು. ಪತ್ರಕರ್ತರು, ವಿದ್ಯಾರ್ಥಿ ಸಂಘಗಳು, ರೇಡಿಯೋ ಇವೆಲ್ಲ ಅರ್ಧ ಜೀವದಲ್ಲಾದರೂ ಉಸಿರಾಡುತ್ತಿದ್ದವು. ಪಲಾಖ್ ಯಾವ ಸೆನ್ಸಾರ್ ವಿರುದ್ಧ ಪತ್ರ ಬರೆದನೋ ಅದು ಇನ್ನೂ ಪೂರ್ತಿ ಬಿಗಿಯಾಗಿರಲಿಲ್ಲ. ಆದ್ದರಿಂದಲೇ ಅವನ ಪತ್ರ ನಮಗೆ ಸಿಕ್ಕಿತು. ವಾರ್ಸಾದಲ್ಲಿ ಅಂಥ ಬಿರುಕೇ ಇರಲಿಲ್ಲ. ನಿಮಗೆ ಏನನ್ನಿಸುತ್ತದೆ?

ಮಲೆನಾಡಿನ ಓದುಗ:

ಹಳೆಪುಟ ಅವರೇ, ಬಹಳ ಒಳ್ಳೆಯ ಪ್ರಶ್ನೆ. ಉತ್ತರಕ್ಕಿಂತ ಮೊದಲು ಒಂದು ಪದದ ತಕರಾರು. ಈ ಕೃತ್ಯವನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ನೀವು ಜಾಣತನದಿಂದ ಆ ಪದವನ್ನೇ ತಪ್ಪಿಸಿದ್ದೀರಿ. 'ಆತ್ಮಾಹುತಿ' ಎಂಬ ಸುಂದರ ಪದವೊಂದಿತ್ತು, ಆದರೆ ನಮ್ಮ ಪತ್ರಿಕೆಗಳು ಅದನ್ನು ಬಾಂಬ್ ಕಟ್ಟಿಕೊಂಡು ಇತರರನ್ನು ಕೊಲ್ಲುವವರಿಗೆ ಬಳಸಿ ಬಳಸಿ, ಈಗ ಅದನ್ನು ಕೇಳಿದರೆ 'ದಾಳಿ' ಎಂಬ ಬಾಲ ತಾನಾಗಿಯೇ ಹಿಂದೆ ಬರುತ್ತದೆ. ಪಲಾಖ್ ಬೇರೆ ಯಾರ ಕೂದಲನ್ನೂ ಕೊಂಕಿಸಲಿಲ್ಲ. 'ಬಲಿದಾನ' ಎಂದರೆ ನಾವು ಮೊದಲೇ ತೀರ್ಪು ಕೊಟ್ಟಂತೆ. 'ಆತ್ಮದಹನ' ಎಂದರೆ ನಡೆದದ್ದನ್ನಷ್ಟೇ ಹೇಳಿದಂತಾಗುತ್ತದೆ. ನನ್ನ ಮತ ಅದಕ್ಕೇ.

ಇನ್ನು ನಮ್ಮಲ್ಲಿ ವೇಳೆವಾಳಿ, ಗರುಡರ ಪದ್ಧತಿ ಇತ್ತು, ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಕಂಬ ಈಗಲೂ ನಿಂತಿದೆ ಎಂದು ಯಾರಾದರೂ ಹೋಲಿಕೆ ತರುವ ಮುನ್ನವೇ ಹೇಳಿಬಿಡುತ್ತೇನೆ: ಅಲ್ಲಿ ಸತ್ತವರು ಒಡೆಯನಿಗೆ ಕೊಟ್ಟ ಮಾತಿಗಾಗಿ, ಒಡೆಯನ ಜೊತೆಗೆ ಸತ್ತರು. ಇಲ್ಲಿ ಒಡೆಯನೇ ಎದುರಾಳಿ. ಆ ಹೋಲಿಕೆ ದೂರ ಸಾಗುವುದಿಲ್ಲ.

ಕೆಂಪು ಮಣ್ಣು:

ಚರ್ಚೆಯ ಚೌಕಟ್ಟಿನ ಬಗ್ಗೆ ನನ್ನ ಆಕ್ಷೇಪವಿದೆ, ಕೋಪದಿಂದ ಹೇಳುತ್ತಿಲ್ಲ. ಆತ್ಮದಹನವನ್ನು ರಾಜಕೀಯ ಪ್ರತಿಭಟನೆಯಾಗಿ ಜಗತ್ತಿಗೆ ಪರಿಚಯಿಸಿದ್ದು 1963ರ ಜೂನ್ 11ರಂದು ದಕ್ಷಿಣ ವಿಯೆಟ್ನಾಂನ ಸೈಗಾನ್‌ನಲ್ಲಿ ಭಿಕ್ಷು ಥಿಕ್ ಕ್ವಾಂಗ್ ಡುಕ್. ಅವರು ಪ್ರತಿಭಟಿಸಿದ ಜಿಯೆಮ್ ಸರ್ಕಾರ ಅಮೆರಿಕದ ಬೆಂಬಲದಿಂದ ನಿಂತಿದ್ದ, ಕಮ್ಯುನಿಸ್ಟರನ್ನು ಬೇಟೆಯಾಡುತ್ತಿದ್ದ ಸರ್ಕಾರ. 1965ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಬಳಿ ಅಮೆರಿಕದ ರಕ್ಷಣಾ ಇಲಾಖೆಯ ಪೆಂಟಗನ್ ಕಚೇರಿಯ ಕಿಟಕಿಗಳ ಕೆಳಗೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ನಾರ್ಮನ್ ಮಾರಿಸನ್ ಕೂಡ ಹೀಗೆಯೇ ಸತ್ತರು. ಹೀಗಿರುವಾಗ ಈ ಕೃತ್ಯಕ್ಕೆ ಕಮ್ಯುನಿಸಂ ಜೊತೆ ಮಾತ್ರ ಗಂಟು ಹಾಕುವುದು ಸರಿಯೇ?

ಮತ್ತೊಂದು ವಿಷಯ. ಈ ಸಾಲಿನಲ್ಲಿ ಸತ್ತವರೆಲ್ಲ ಕಮ್ಯುನಿಸ್ಟ್ ವಿರೋಧಿಗಳಲ್ಲ. ಮೊರಾವಿಯಾದ ಯಿಹ್ಲಾವಾ ಪಟ್ಟಣದ ಎವ್ಜೆನ್ ಪ್ಲೊಟ್ಸೆಕ್ ಪಕ್ಷದ ಸದಸ್ಯ. ದಾಳಿಯ ಮರುದಿನಗಳಲ್ಲಿ ಪ್ರಾಗ್‌ನ ಕಾರ್ಖಾನೆಯೊಂದರಲ್ಲಿ ಗುಟ್ಟಾಗಿ ಸೇರಿದ ಪಕ್ಷದ ವಿಶೇಷ ಮಹಾಧಿವೇಶನಕ್ಕೆ ಪ್ರತಿನಿಧಿಯಾಗಿ ಹೋಗಿದ್ದವರು. 1969ರ ಏಪ್ರಿಲ್ 4ರಂದು, ಶುಭ ಶುಕ್ರವಾರದ ದಿನ, ತಮ್ಮ ಊರಿನ ಚೌಕದಲ್ಲಿ ಬೆಂಕಿ ಹಚ್ಚಿಕೊಂಡರು. ಅವರು ಬಿಟ್ಟುಹೋದ ಬರಹದಲ್ಲಿದ್ದದ್ದು ಇಟಲಿಯ ಕಮ್ಯುನಿಸ್ಟ್ ಚಿಂತಕ ಗ್ರಾಮ್ಶಿಯ ಮಾತು, ಸತ್ಯವೇ ಕ್ರಾಂತಿಕಾರಿ ಎಂಬುದು. ಅವರನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಹಳೆಪುಟ:

ಪ್ಲೊಟ್ಸೆಕ್ ಅವರನ್ನು ನೆನಪಿಸಿದ್ದಕ್ಕೆ ಧನ್ಯವಾದಗಳು. ಪಲಾಖ್‌ನ ನೆರಳಿನಲ್ಲಿ ಅವರ ಹೆಸರು ಮರೆಯಾಗಿಬಿಟ್ಟಿದೆ. ಅವರು ಸತ್ತ ವಾರದ ಮೇಲೆ ದುಬ್ಚೆಕ್ ಇಳಿದು ಮಾಸ್ಕೋಗೆ ಒಪ್ಪಿಗೆಯಾದ ಹುಸಾಕ್ ಬಂದರು, ಆಮೇಲೆ ಎಲ್ಲ ಬಾಯಿಗಳೂ ಮುಚ್ಚಿದವು. ಅಂದರೆ ಅವರ ಕತೆಯೂ ನನ್ನ ಪ್ರಶ್ನೆಗೇ ಬಂದು ಸೇರುತ್ತದೆ.

ಕೃತ್ಯ ಕಮ್ಯುನಿಸ್ಟ್ ದೇಶಗಳಿಗಷ್ಟೇ ಸೀಮಿತ ಎಂದು ನಾನು ಹೇಳುವುದಿಲ್ಲ. ನಾನು ನೋಡುತ್ತಿರುವುದು ಕೃತ್ಯದ ಮರುದಿನವನ್ನು. ಸೈಗಾನ್‌ನಲ್ಲಿ ವಿದೇಶಿ ಛಾಯಾಗ್ರಾಹಕನೊಬ್ಬ ಅಲ್ಲಿಯೇ ಇದ್ದ, ಚಿತ್ರ ಮರುದಿನ ಜಗತ್ತಿನ ಪತ್ರಿಕೆಗಳಲ್ಲಿತ್ತು. ವಾರ್ಸಾದಲ್ಲಿಯೂ ಸುದ್ದಿಚಿತ್ರದ ಕ್ಯಾಮೆರಾ ಏಳು ಸೆಕೆಂಡುಗಳಷ್ಟನ್ನು ಸೆರೆಹಿಡಿದಿತ್ತು; ಆ ತುಣುಕು ದಶಕಗಳ ಕಾಲ ಕಪಾಟಿನಲ್ಲಿ ಮಲಗಿತ್ತು. ಶಿವ್ಯೆತ್ಸ್ ಅವರು ವಾರ್ಸಾಕ್ಕೆ ಹೋಗುವ ರೈಲಿನಲ್ಲಿ ಕುಳಿತು ಹೆಂಡತಿಗೆ ಬರೆದ ಪತ್ರವನ್ನು ಗುಪ್ತ ಪೊಲೀಸರು ದಾರಿಯಲ್ಲೇ ಹಿಡಿದಿಟ್ಟರು. ಅದು ಆಕೆಯ ಕೈಸೇರಿದ್ದು 22 ವರ್ಷಗಳ ನಂತರ. ಅಂಚೆ, ಪತ್ರಿಕೆ, ಚಲನಚಿತ್ರ, ಆಸ್ಪತ್ರೆ, ನ್ಯಾಯಾಲಯ ಎಲ್ಲವೂ ಒಂದೇ ಪಕ್ಷದ ಕೈಯಲ್ಲಿದ್ದರೆ ಮಾತ್ರ ಇಂಥದ್ದು ಸಾಧ್ಯ.

ಮುಚ್ಚಿಡಲಾಗದಿದ್ದಾಗ ಏನು ಮಾಡುತ್ತಿದ್ದರು ಎಂಬುದೂ ಗಮನಾರ್ಹ. ಶಿವ್ಯೆತ್ಸ್ ಅವರನ್ನು ಕುಡುಕ, ಮಾನಸಿಕ ರೋಗಿ ಎಂದರು. ಪೂರ್ವ ಜರ್ಮನಿಯ ಪಾದ್ರಿ ಓಸ್ಕರ್ ಬ್ರೂಸೆವಿಟ್ಸ್, ಶಾಲೆಗಳಲ್ಲಿ ಮಕ್ಕಳ ಮೇಲೆ ನಡೆಯುತ್ತಿದ್ದ ದಬ್ಬಾಳಿಕೆಯನ್ನು ಖಂಡಿಸುವ ಫಲಕ ನಿಲ್ಲಿಸಿ 1976ರ ಆಗಸ್ಟ್ 18ರಂದು ಜೈಟ್ಸ್ ಪಟ್ಟಣದ ಚರ್ಚಿನ ಮುಂದೆ ಬೆಂಕಿ ಹಚ್ಚಿಕೊಂಡಾಗ, ಅದೇ ತಿಂಗಳ ಕೊನೆಯಲ್ಲಿ ಪಕ್ಷದ ಪತ್ರಿಕೆ ಅವರನ್ನು ಬುದ್ಧಿ ಸ್ವಾಧೀನದಲ್ಲಿಲ್ಲದವರೆಂದು ಬಿಂಬಿಸಿ ಬರೆಯಿತು. ಲಿಥುವೇನಿಯಾದ ಕೌನಾಸ್‌ನಲ್ಲಿ 1972ರ ಮೇ 14ರಂದು ಹತ್ತೊಂಬತ್ತರ ರೊಮಾಸ್ ಕಲಾಂತಾ ಆರಿಸಿಕೊಂಡ ಜಾಗ ನಗರದ ಸಂಗೀತ ರಂಗಮಂದಿರದ ಎದುರಿನ ಉದ್ಯಾನ. 1940ರಲ್ಲಿ ಲಿಥುವೇನಿಯಾ ಸೋವಿಯತ್ ಒಕ್ಕೂಟಕ್ಕೆ ಸೇರುವುದೆಂದು ಸಾರಿದ್ದು ಆ ಕಟ್ಟಡದಲ್ಲೇ. ಶವಸಂಸ್ಕಾರವನ್ನು ಗೊತ್ತಾದ ಹೊತ್ತಿಗಿಂತ ಮೊದಲೇ ಮುಗಿಸಿದ್ದರಿಂದ ಯುವಜನರು ರೊಚ್ಚಿಗೆದ್ದು ಎರಡು ದಿನ ಬೀದಿಗಿಳಿದರು, ಸುಮಾರು 400 ಮಂದಿಯ ಬಂಧನವಾಯಿತು. ಆಮೇಲೆ ವೈದ್ಯರ ಸಮಿತಿಯೊಂದು ಸತ್ತ ಹುಡುಗನನ್ನು 'ಪರೀಕ್ಷಿಸಿ' ಮನೋರೋಗಿ ಎಂದು ಘೋಷಿಸಿತು. ಸತ್ತವರಿಗೂ ಕಾಯಿಲೆ ಹಚ್ಚುವ ವೈದ್ಯಕೀಯ!

ಮೈಸೂರಿನ ವೈದ್ಯೆ:

ನಾನು ಮನೋವೈದ್ಯೆ, ಆದ್ದರಿಂದ ಎರಡು ಕಡೆಯಿಂದಲೂ ನನಗೆ ಇರುಸುಮುರುಸು.

ಸೋವಿಯತ್ ಒಕ್ಕೂಟದಲ್ಲಿ ನಮ್ಮ ವೃತ್ತಿಯವರು ಮಾಡಿದ್ದು ನಾಚಿಕೆಗೇಡಿನ ಕೆಲಸ. ಭಿನ್ನಮತವನ್ನೇ ಲಕ್ಷಣವಾಗಿ ಎಣಿಸುವ, 'ನಿಧಾನಗತಿಯ ಸ್ಕಿಜೋಫ್ರೇನಿಯಾ' ಎಂಬ ರೋಗನಿರ್ಣಯವನ್ನು ಹುಟ್ಟುಹಾಕಿ ಆರೋಗ್ಯವಂತರನ್ನು ಆಸ್ಪತ್ರೆಗಳಲ್ಲಿ ಕೂಡಿಹಾಕಿದರು. 1983ರಲ್ಲಿ ವಿಶ್ವ ಮನೋವೈದ್ಯರ ಸಂಘದಿಂದ ಹೊರಹಾಕಿಸಿಕೊಳ್ಳುವ ಭಯದಲ್ಲಿ ಸೋವಿಯತ್ ಸಂಘ ತಾನೇ ಹೊರನಡೆಯಿತು. ಕಲಾಂತಾ ಮೇಲಿನ ಆ ತೀರ್ಮಾನವನ್ನು 1989ರಲ್ಲಿ ಲಿಥುವೇನಿಯಾದ ತಜ್ಞರೇ ತಳ್ಳಿಹಾಕಿದರು.

ಆದರೆ ಇನ್ನೊಂದು ಮಗ್ಗುಲನ್ನೂ ಹೇಳದಿರಲಾರೆ. ಪಲಾಖ್ ಸತ್ತ ನಂತರದ ಮೂರು ತಿಂಗಳಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಾಗೆಯೇ ಮಾಡಲು ಹೋದರು. ಅವರಲ್ಲಿ ಹೆಚ್ಚಿನವರಿಗೆ ರಾಜಕೀಯ ಕಾರಣವೇ ಇರಲಿಲ್ಲ; ತಮ್ಮ ಬದುಕಿನ ಬೇರೆ ನೋವುಗಳಿಗೆ ಆ ಸುದ್ದಿಯಲ್ಲಿ ಒಂದು ದಾರಿ ಕಂಡಂತಾಗಿತ್ತು. ಹದಿನೆಂಟರ ಯಾನ್ ಜಾಯಿತ್ಸ್‌ನದು ಬೇರೆ: ಕಮ್ಯುನಿಸ್ಟರು ಅಧಿಕಾರ ಹಿಡಿದ ವಾರ್ಷಿಕ ದಿನವಾದ ಫೆಬ್ರವರಿ 25ನ್ನು ಆರಿಸಿಕೊಂಡು, 'ಪಂಜು ಸಂಖ್ಯೆ 2' ಎಂದು ಬರೆದಿಟ್ಟು ಸತ್ತ. ಹದಿನೆಂಟು! ನನ್ನ ಬಳಿ ಬರುವ ಕಾಲೇಜು ಹುಡುಗರ ವಯಸ್ಸು. ಪಲಾಖ್ ಪತ್ರದಲ್ಲಿ ಒಂದು ಗುಂಪಿದೆ, ಚೀಟಿ ಎತ್ತಿದಾಗ ಮೊದಲ ಸರದಿ ತನಗೆ ಬಂತು ಎಂದಿದ್ದ. ಅಂಥ ಗುಂಪು ಇತ್ತು ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಸರ್ಕಾರವನ್ನು ಹೆದರಿಸಲು ಬರೆದ ಆ ಒಂದು ಸಾಲು ಜಾಯಿತ್ಸ್‌ನಂಥ ಹುಡುಗನಿಗೆ ಖಾಲಿ ಉಳಿದ ಸ್ಥಾನದಂತೆ ಕಂಡಿತೇನೋ ಎಂದು ನನಗೆ ಅನುಮಾನ.

ಹಾಗಾಗಿ ಇಲ್ಲಿ ಬರೆಯುವವರಲ್ಲಿ ವಿನಂತಿ: ವಿಧಾನದ ವಿವರ, ಚಿತ್ರಗಳು ಬೇಡ. ಈ ಚರ್ಚೆ ಓದುತ್ತಾ ಯಾರಿಗಾದರೂ ತಮ್ಮದೇ ಬದುಕಿನ ಬಗ್ಗೆ ಭಾರವಾದ ಯೋಚನೆ ಬಂದರೆ ದಯವಿಟ್ಟು ಹತ್ತಿರದವರ ಜೊತೆ ಮಾತನಾಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ನಿರ್ವಾಹಕರು:

ವೈದ್ಯೆಯವರ ವಿನಂತಿಯನ್ನು ಎಲ್ಲರೂ ಪಾಲಿಸಬೇಕು. ಹಂಚಲಾಗಿದ್ದ ಒಂದು ಚಿತ್ರವನ್ನು ತೆಗೆದಿದ್ದೇವೆ.

ಶಾರದಮ್ಮನ ಮೊಮ್ಮಗಳು:

ನೀವೆಲ್ಲ ಸತ್ತವರ ಬಗ್ಗೆ ಬರೆಯುತ್ತಿದ್ದೀರಿ. ಅವರ ಅಮ್ಮಂದಿರಿಗೆ ಏನಾಯಿತು? ಐದು ಮಕ್ಕಳನ್ನು ಬಿಟ್ಟು ಹೋದ ಶಿವ್ಯೆತ್ಸ್ ಅವರ ಹೆಂಡತಿ ಆ ಪತ್ರ ಓದಿದಾಗ ಮುದುಕಿಯಾಗಿರಬೇಕು. ತತ್ತ್ವಕ್ಕಾಗಿ ಸಾಯುವವರನ್ನು ಹೊಗಳುವುದು ನನಗೆ ಕಷ್ಟ. ಮನೆಯಲ್ಲಿ ಉಳಿದವರ ಮೇಲೆ ಅವರು ಹೊರಿಸಿ ಹೋದ ಭಾರವನ್ನು ಯಾವ ಸ್ಮಾರಕವೂ ಇಳಿಸುವುದಿಲ್ಲ.

ವ್ಲ್ತಾವಾ ದಡದಿಂದ:

ಮೇಡಂ, ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಹುಬ್ಬಳ್ಳಿಯವನು, ಕೆಲಸದ ಮೇಲೆ ಪ್ರಾಗ್‌ಗೆ ಬಂದು ಒಂಬತ್ತು ವರ್ಷವಾಯಿತು.

ಪಲಾಖ್‌ನ ತಾಯಿ ಲಿಬುಶೆ ಪಲಾಖೋವಾ ಸುಮ್ಮನೆ ಕೂರಲಿಲ್ಲ. ವಿಲೇಮ್ ನೋವೀ ಎಂಬ ಸಂಸದ ಒಂದು ಕತೆ ಹಬ್ಬಿಸಿದ: ಹುಡುಗನಿಗೆ ಸುಡದ 'ತಣ್ಣನೆಯ ಬೆಂಕಿ'ಯ ದ್ರವ ಕೊಡುವುದಾಗಿ ನಂಬಿಸಿ ಕೆಲವರು ಮೋಸ ಮಾಡಿದರಂತೆ. ಹಾಗೆ ಮೋಸ ಮಾಡಿದವರೆಂದು ಅವನು ಹೆಸರಿಸಿದವರಲ್ಲಿ ಓಟಗಾರ ಎಮಿಲ್ ಜಾಟೊಪೆಕ್ ಕೂಡ ಒಬ್ಬರು. ಹೌದು, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ, ನಮ್ಮ ಶಾಲೆಯ ರಸಪ್ರಶ್ನೆಗಳಲ್ಲಿ ತಪ್ಪದೆ ಬರುತ್ತಿದ್ದ ಅದೇ ಜಾಟೊಪೆಕ್. ತನ್ನ ಮಗ ಮೋಸಹೋದ ದಡ್ಡ ಎಂಬ ಈ ಸುಳ್ಳಿನ ವಿರುದ್ಧ ತಾಯಿ ಮೊಕದ್ದಮೆ ಹೂಡಿದರು. ವಕೀಲೆ ದಾಗ್ಮಾರ್ ಬುರೆಶೋವಾ ವಾದಿಸಿದರು. 1970ರಲ್ಲಿ ನ್ಯಾಯಾಲಯ ನೋವೀಯ ಪರವಾಗಿ ತೀರ್ಪು ಕೊಟ್ಟಿತು. ಆ ಬುರೆಶೋವಾ ಅವರೇ, ಪಕ್ಷದ ಆಡಳಿತ ಬಿದ್ದ ಮೇಲೆ, ಚೆಕ್ ಗಣರಾಜ್ಯದ ನ್ಯಾಯ ಮಂತ್ರಿಯಾದರು.

ಸೋತ ಮೇಲೂ ಆ ತಾಯಿಯನ್ನು ಬಿಡಲಿಲ್ಲ. ಓಲ್ಶಾನಿ ಸ್ಮಶಾನದಲ್ಲಿದ್ದ ಮಗನ ಗೋರಿಗೆ ಜನ ಹೂವು, ಮೇಣದಬತ್ತಿ ತರುವುದು ನಿಲ್ಲದಿದ್ದಾಗ ಗುಪ್ತ ಪೊಲೀಸರು 1973ರ ಅಕ್ಟೋಬರ್‌ನಲ್ಲಿ ಶವವನ್ನು ಅಗೆಸಿ, ಸುಡಿಸಿ, ಆ ಜಾಗದಲ್ಲಿ ಯಾವ ಸಂಬಂಧವೂ ಇಲ್ಲದ ಮುದುಕಿಯೊಬ್ಬರ ಹೆಸರಿನ ಗೋರಿಯನ್ನು ಮಾಡಿದರು. ಬೆಂಕಿಯಲ್ಲಿ ಸತ್ತ ಮಗನನ್ನು ಸರ್ಕಾರ ಎರಡನೇ ಸಲ ಸುಟ್ಟು, ಬೂದಿಯ ಕರಂಡವನ್ನು ತಾಯಿಗೆ ಕೊಟ್ಟಿತು. ಅವನು ಬೆಳೆದ ಊರಾದ ವ್ಶೆತಾತಿಯ ಸ್ಮಶಾನದಲ್ಲಿ ಅದನ್ನಿಡಲು ಅನುಮತಿ ಸಿಕ್ಕಿದ್ದು ಮರುವರ್ಷ. 1990ರಲ್ಲಿ ಅದು ಓಲ್ಶಾನಿಗೆ ಮರಳಿತು. ಅಷ್ಟರಲ್ಲಿ ತಾಯಿ ಇರಲಿಲ್ಲ. ಹಳೆಪುಟ ಅವರ 'ಮರುದಿನ'ದ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎಂದುಕೊಳ್ಳುತ್ತೇನೆ.

ಕುಶಾಲನಗರದವನು:

ಇಷ್ಟು ಹೊತ್ತು ಎಲ್ಲರೂ ಯುರೋಪಿನಲ್ಲೇ ಸುತ್ತುತ್ತಿದ್ದೀರಿ, ಈ ವಿಷಯ ನನ್ನ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಬೈಲುಕುಪ್ಪೆಯ ಟಿಬೆಟಿಯನ್ ಕ್ಯಾಂಪಿನವರ ಜೊತೆ ನಮ್ಮ ಮನೆಯವರದು ಎರಡು ತಲೆಮಾರಿನ ವ್ಯವಹಾರ. ಮುಸುಕಿನ ಜೋಳದ ಲೆಕ್ಕದಿಂದ ಶುರುವಾದ ಸ್ನೇಹ.

2009ರ ಫೆಬ್ರವರಿ 27ರಂದು ಪೂರ್ವ ಟಿಬೆಟಿನ ಙಾಬಾ ಎಂಬಲ್ಲಿ ಕೀರ್ತಿ ಮಠದ ತಾಪೇ ಎಂಬ ಯುವ ಭಿಕ್ಷು ಮೈಗೆ ಬೆಂಕಿ ಹಚ್ಚಿಕೊಂಡರು. ಹಿಂದಿನ ವರ್ಷದ ಪ್ರತಿಭಟನೆಯಲ್ಲಿ ಸತ್ತವರಿಗಾಗಿ ನಡೆಯಬೇಕಿದ್ದ ಪ್ರಾರ್ಥನೆಯನ್ನು ಅಧಿಕಾರಿಗಳು ತಡೆದಿದ್ದರು. 2011ರಿಂದ ಇದು ಸರಣಿಯೇ ಆಯಿತು. ಚೀನಾದ ಆಡಳಿತದಲ್ಲಿ ಹೀಗೆ ಮಾಡಿದ ಟಿಬೆಟಿಯನ್ನರ ಸಂಖ್ಯೆ 150 ದಾಟಿದೆ. ಭಿಕ್ಷುಗಳು, ಭಿಕ್ಷುಣಿಯರು, ದನಗಾಹಿಗಳು, ಮಕ್ಕಳ ತಾಯಂದಿರು. 2012ರ ಮಾರ್ಚ್‌ನಲ್ಲಿ, ಚೀನಾ ಅಧ್ಯಕ್ಷ ಹು ಜಿಂಟಾವೊ ಭೇಟಿಯ ಹೊತ್ತಿಗೆ, ದೆಹಲಿಯಲ್ಲಿ ಜಾಮ್ಫೆಲ್ ಯೇಶಿ ಎಂಬ ನಿರಾಶ್ರಿತ ಯುವಕನೂ ಹೀಗೆ ಸತ್ತ. ಆ ವರ್ಷ ಕ್ಯಾಂಪಿನಲ್ಲಿ ಮೇಣದಬತ್ತಿಯ ಮೆರವಣಿಗೆಗಳು ಎಷ್ಟು ಸಲ ನಡೆದವೋ ಲೆಕ್ಕವಿಲ್ಲ. ನಮ್ಮ ಅಂಗಡಿಯ ಮುಂದೆ ಹಾದುಹೋಗುತ್ತಿದ್ದವರ ಕೈಯಲ್ಲಿ ಪ್ರತಿ ಸಲ ಹೊಸ ಫೋಟೊ ಇರುತ್ತಿತ್ತು.

ಹಳೆಪುಟ ಅವರ ಪ್ರಶ್ನೆಗೆ ಇಲ್ಲಿಂದ ಒಂದು ಉತ್ತರ ಕೊಡಬಹುದು. ಚೀನಾ ಹಳೆಯ ಪಾಠ ಕಲಿತಿದೆ. ಸತ್ತವರನ್ನು ಹುಚ್ಚರೆಂದು ಕರೆಯುವುದರ ಜೊತೆಗೆ ಬದುಕಿರುವವರನ್ನು ಹಿಡಿಯುತ್ತದೆ. 2012ರ ಕೊನೆಯಲ್ಲಿ ಹೊರಟ ಕಾನೂನು ಸೂಚನೆಯ ಪ್ರಕಾರ ಆತ್ಮದಹನಕ್ಕೆ ಪ್ರಚೋದಿಸಿದವರ ಮೇಲೆ ಉದ್ದೇಶಪೂರ್ವಕ ಕೊಲೆಯ ಆರೋಪ ಹೊರಿಸಬಹುದು. ಮರು ತಿಂಗಳೇ ಭಿಕ್ಷುವೊಬ್ಬರಿಗೆ ಎರಡು ವರ್ಷ ತಡೆಹಿಡಿದ ಮರಣದಂಡನೆಯಾಯಿತು. ದಲೈ ಲಾಮಾ ತಾವು ಇದನ್ನು ಪ್ರೋತ್ಸಾಹಿಸುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದ್ದಾರೆ, ಅದರಿಂದ ಫಲವಿದೆಯೇ ಎಂದೂ ಅನುಮಾನ ವ್ಯಕ್ತಪಡಿಸಿದ್ದಾರೆ. ಆದರೆ ಸತ್ತವರನ್ನು ನಿಂದಿಸಲೂ ಅವರಿಂದ ಆಗಲಿಲ್ಲ. ಕ್ಯಾಂಪಿನ ನನ್ನ ಗೆಳೆಯನನ್ನು ಒಮ್ಮೆ ಕೇಳಿದೆ, ಅಹಿಂಸೆ ಹೇಳುವ ಧರ್ಮದಲ್ಲಿ ಇದು ಹೇಗೆ ಸರಿ ಎಂದು. ಅವನು, 'ಸರಿ ಅಂತ ಯಾರು ಹೇಳಿದರು? ನಾವು ಅವರಿಗಾಗಿ ಪ್ರಾರ್ಥನೆ ಮಾಡುತ್ತೇವೆ ಅಷ್ಟೆ' ಎಂದ.

ಕೆಂಪು ಮಣ್ಣು:

ಕುಶಾಲನಗರದವರ ಮಾತಿನ ಮುಂದೆ ನನ್ನ ಮೊದಲ ಆಕ್ಷೇಪ ಸಣ್ಣದಾಗಿ ಕಾಣುತ್ತಿದೆ. ಹಿಂದಕ್ಕೆ ಪಡೆಯುವುದಿಲ್ಲ, ಆದರೆ ಒತ್ತಾಯಿಸುವುದೂ ಇಲ್ಲ. ಉಳಿದಿರುವ ಪ್ರಶ್ನೆ ನೇರವಾದದ್ದು. ಇದರಿಂದ ಏನಾದರೂ ಆಯಿತೇ? ಪಲಾಖ್‌ನ ಎರಡು ಬೇಡಿಕೆಗಳಲ್ಲಿ ಒಂದೂ ಈಡೇರಲಿಲ್ಲ. ಸೋವಿಯತ್ ಸೇನೆ ಇನ್ನೂ ಇಪ್ಪತ್ತೆರಡು ವರ್ಷ ಅಲ್ಲೇ ಇತ್ತು.

ಹಳೆಪುಟ:

ತಕ್ಷಣಕ್ಕೆ ಏನೂ ಆಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷಗಳ ನಂತರ, 1989ರ ಜನವರಿ 15ರಿಂದ, ಅವನ ನೆನಪಿಗೆ ಸೇರಿದ ಜನರ ಮೇಲೆ ಪೊಲೀಸರು ಒಂದು ವಾರ ಜಲಫಿರಂಗಿ, ಲಾಠಿ ಬೀಸಿದರು. ಹೂವಿಡಲು ಚೌಕಕ್ಕೆ ಹೋಗಿದ್ದ ನಾಟಕಕಾರ ವಾತ್ಸ್ಲಾವ್ ಹಾವೆಲ್ ಬಂಧಿತರಾದರು, ಒಂಬತ್ತು ತಿಂಗಳ ಶಿಕ್ಷೆಯಾಯಿತು. ಅದೇ ವರ್ಷದ ಕೊನೆಗೆ ಅವರು ರಾಷ್ಟ್ರಾಧ್ಯಕ್ಷ. ಪಲಾಖ್‌ನಿಂದಲೇ ಆಡಳಿತ ಬಿದ್ದಿತು ಎಂದರೆ ಉತ್ಪ್ರೇಕ್ಷೆ. ಮಾಸ್ಕೋದಲ್ಲಿ ಸುಧಾರಕ ಗೋರ್ಬಚೆವ್ ಇಲ್ಲದಿದ್ದರೆ ಏನಾಗುತ್ತಿತ್ತೋ. ಆದರೆ ಜನ ಸೇರಲು ಒಂದು ದಿನಾಂಕ, ಒಂದು ಜಾಗ ಇದ್ದದ್ದು ಅವನಿಂದ.

ಆ ಜನವರಿಯ ಇನ್ನೊಂದು ಘಟನೆ ವೈದ್ಯೆಯವರಿಗೆ ಇಷ್ಟವಾಗಬಹುದು. ಪಲಾಖ್‌ನ ದಿನದಂದು ತಾನೂ ಬೆಂಕಿ ಹಚ್ಚಿಕೊಳ್ಳುವುದಾಗಿ ಹೆಸರಿಲ್ಲದ ಪತ್ರವೊಂದು ಹಾವೆಲ್ ಅವರಿಗೆ ಬಂದಿತ್ತು. ಹಾಗೆ ಮಾಡಬೇಡ ಎಂದು ಬೇಡಿಕೊಳ್ಳಲು ಅವರು ಸರ್ಕಾರಿ ದೂರದರ್ಶನದಲ್ಲಿ ಅವಕಾಶ ಕೇಳಿದರು. ಸಿಗಲಿಲ್ಲ. ಕೊನೆಗೆ ವಿದೇಶಿ ರೇಡಿಯೋಗಳ ಮೂಲಕ ಆ ಮನವಿ ದೇಶದೊಳಕ್ಕೆ ಬಂತು. ಜೀವ ಉಳಿಸುವ ಮಾತಿಗೂ ಸೆನ್ಸಾರ್ ಅಡ್ಡ ನಿಂತಿತ್ತು.

ಮೈಸೂರಿನ ವೈದ್ಯೆ:

ಇದು ನನಗೆ ತಿಳಿದಿರಲಿಲ್ಲ. ಹೂವಿಡಲು ಹೋದವರೇ ಇನ್ನೊಬ್ಬ ಸಾಯದಂತೆಯೂ ನೋಡಿಕೊಂಡರಲ್ಲ, ಅಷ್ಟು ಸಾಕು ನನಗೆ. ಶಿವ್ಯೆತ್ಸ್ ಅವರಿಗೆ ಪ್ರಾಗ್‌ನಲ್ಲಿ ಏನಾದರೂ ಗುರುತು ಇದೆಯೇ? ಅವರು ಸತ್ತದ್ದು ಆ ದೇಶಕ್ಕಾಗಿಯೇ ಅಲ್ಲವೇ?

ವ್ಲ್ತಾವಾ ದಡದಿಂದ:

ಇದೆ, ಮೇಡಂ. ಪಲಾಖ್‌ನ ಓಲ್ಶಾನಿ ಸ್ಮಶಾನ ಇರುವ ಪ್ರಾಗ್‌ನ ಮೂರನೇ ವಿಭಾಗದಲ್ಲೇ, ಜಿಜ್ಕೊವ್ ಬಡಾವಣೆಯಲ್ಲಿ, ಒಂದು ಬೀದಿಗೆ ಅವರ ಹೆಸರಿಟ್ಟಿದ್ದಾರೆ. ಅಲ್ಲಿನ ಎರಡನೇ ನಂಬರಿನ ಕಟ್ಟಡ ಸರ್ವಾಧಿಕಾರಿ ಆಡಳಿತಗಳ ಅಧ್ಯಯನ ಸಂಸ್ಥೆಯ ವಿಳಾಸ. ಹಳೆಯ ಗುಪ್ತ ಪೊಲೀಸರ ಕಾಗದಗಳನ್ನು ಓದುವುದೇ ಅವರ ಕೆಲಸ. ಚಿಕ್ಕ ಬೀದಿ. ಹೆಸರನ್ನು ಸರಿಯಾಗಿ ಉಚ್ಚರಿಸಲು ಬಾರದೆ ಮೊದಲ ಸಲ ಟ್ಯಾಕ್ಸಿಯವರಿಗೆ ಫೋನಿನಲ್ಲೇ ತೋರಿಸಬೇಕಾಯಿತು.